ರೋಂಡಾ ಬಾರಿಸದ ಆಲ್ಬಮ್

ರೋಂಡಾ ಸಿಲ್ವೇರಾಳಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ರೋಡಿಯೋ ಊರಿನ, ಕಚ್ಚಾ ಎಣ್ಣೆಯಿಂದ ಪೆಟ್ರೋಲ್ ತೆಗೆಯುವ ಕಾರ್ಖಾನೆಯ ಬೇಲಿಗೆ ಅಂಟಿಕೊಂಡ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಗಾಳಿ ಇತ್ತ ತಿರುಗಿದ ದಿನ ಒಣಹಾಕಿದ ಬಟ್ಟೆಗೆಲ್ಲ ಕೊಳೆತ ಮೊಟ್ಟೆಯ ವಾಸನೆ ಹತ್ತುತ್ತಿತ್ತು. ಅಪ್ಪ ಮ್ಯಾನುಯೆಲ್ ಅದೇ ಕಾರ್ಖಾನೆಯಲ್ಲಿ ಬಾಯ್ಲರುಗಳ ಬೆಸುಗೆ ಕೆಲಸದವನು. ಅಮ್ಮ ಬೇಗ ತೀರಿಹೋಗಿದ್ದಳು. ಊರಿನ ಪೋರ್ಚುಗೀಸ್ ಮೂಲದವರ ಹಬ್ಬದ ಬ್ಯಾಂಡಿನವರು ಬಿಸಾಡಲು ಇಟ್ಟಿದ್ದ ಡ್ರಮ್ಮುಗಳನ್ನು ಅವಳು ಕೇಳಿ ಹೊತ್ತು ತಂದು ಗ್ಯಾರೇಜಿನಲ್ಲಿ ಹೂಡಿದಾಗ ಅಪ್ಪ ತಲೆ ಚಚ್ಚಿಕೊಂಡ.

"ಹಗಲೆಲ್ಲಾ ನಾನು ತಗಡು ಬಡೀತೀನಿ. ಮನೆಗೆ ಬಂದ್ರೆ ನೀನು ಬಡೀತೀಯ. ನನ್ನ ಕಿವಿ ಏನು ಪಾಪ ಮಾಡಿದೆ ಹೇಳು?"

"ಬಾಗಿಲು ಹಾಕ್ಕೋ ಅಪ್ಪಾ."

ಬಾಗಿಲು ಹಾಕಿಕೊಂಡರೂ ಅವನಿಗೆ ಕೇಳುತ್ತಿತ್ತು, ಪಕ್ಕದ ಬೀದಿಯವರಿಗೂ ಕೇಳುತ್ತಿತ್ತು. ರೋಂಡಾಳ ಕೈ ಹಾಗಿತ್ತು. ಕೋಲುಗಳು ಮುರಿಯುತ್ತಿದ್ದವು, ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು, ಹಾಡು ಮುಗಿಯುವ ಹೊತ್ತಿಗೆ ಶುರುವಾದಾಗಿನ ವೇಗ ಇರುತ್ತಿರಲಿಲ್ಲ, ಇನ್ನೂ ಏರಿರುತ್ತಿತ್ತು.

ಆ ವೇಗ ಕಂಡು ಬಂದವನು ಟಾಡ್ ಬ್ರನ್ನರ್. ಗುಡ್ಡದ ಮೇಲಿನ ಹೊಸ ಮನೆಗಳ ಕಡೆಯವನು, ಗಿಟಾರ್ ನುಡಿಸಿಕೊಂಡು ಮೂಗಿನಲ್ಲಿ ಹಾಡುವವನು. ಹುಡುಗಿ ಬಿಟ್ಟುಹೋದದ್ದು, ಊರು ಬೇಜಾರು ಬಂದದ್ದು, ಇಷ್ಟೇ ಅವನ ಹಾಡುಗಳ ವಿಷಯ. ಆದರೆ ಒಮ್ಮೆ ಕೇಳಿದರೆ ವಾರವಿಡೀ ಬಾಯಲ್ಲಿ ಉಳಿಯುವಂಥ ರಾಗ ಕಟ್ಟುತ್ತಿದ್ದ. ಬೇಸ್ ಗಿಟಾರಿಗೆ ಅವನ ಸಹಪಾಠಿ ಡ್ಯಾನಿ ಮೆಕಾಫ್ರಿ ಸೇರಿಕೊಂಡ. ಮೂವರೂ ತಮ್ಮನ್ನು 'ವೆಟ್ ಸಿಮೆಂಟ್' ಎಂದು ಕರೆದುಕೊಂಡರು.

ಅವರಿಗೆ ಮನೆಯಂತಿದ್ದದ್ದು ಹತ್ತಿರದ ಎಲ್ ಸೆರಿಟೋ ಊರಿನ 'ಬೇಕರಿ'. ಒಂದು ಕಾಲಕ್ಕೆ ಬ್ರೆಡ್ ಸುಡುತ್ತಿದ್ದ ಜಾಗ; ಈಗ ಪಂಕ್ ಎಂಬ ಅಬ್ಬರದ ಸಂಗೀತದ ಹುಚ್ಚಿನ ಹುಡುಗ ಹುಡುಗಿಯರೇ ಸೇರಿ ನಡೆಸುವ ಸಂಗೀತ ಕಚೇರಿಯ ಜಾಗ. ಮಾಲೀಕನಿಲ್ಲ, ಕುಡಿತವಿಲ್ಲ, ಹೊಡೆದಾಟವಿಲ್ಲ. ಎಲ್ಲ ತೀರ್ಮಾನವೂ ಕೈ ಎತ್ತಿ. ರೋಂಡಾ ಅಲ್ಲಿ ವರ್ಷಗಟ್ಟಲೆ ನೆಲ ಒರೆಸಿದ್ದಳು, ಕಕ್ಕಸು ತೊಳೆದಿದ್ದಳು. ಬಾಗಿಲು ಕಾಯುತ್ತಿದ್ದ ಗೇಲ್ ಓಸ್ಟ್ರಾಂಡರ್ ಅವಳ ಜೀವದ ಗೆಳತಿ. ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಬೇಕರಿಯಲ್ಲಿ ಜಾಗವಿಲ್ಲ ಎಂದು ಗೇಲ್ ಒಂದು ಸಭೆಯಲ್ಲಿ ಸೂಚಿಸಿದಾಗ ರೋಂಡಾ ಎರಡೂ ಕೈ ಎತ್ತಿದಳು. ಎಲ್ಲರೂ ನಕ್ಕರು. ಆಗ ಯಾವ ಕಂಪನಿ ಇವರ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಕಾಲ ಬದಲಾಯಿತು. ಇಂಥ ಹಾಡು ಇದ್ದಕ್ಕಿದ್ದಂತೆ ದೇಶದ ತುಂಬ ರೇಡಿಯೋದಲ್ಲಿ ಬರತೊಡಗಿತು. ಲಾಸ್ ಏಂಜಲೀಸಿನಿಂದ ಕೋಟು ತೊಟ್ಟು, ಕಾಲಿಗೆ ಮಾತ್ರ ಹುಡುಗರ ಬೂಟು ಹಾಕಿಕೊಂಡ ಕಂಪನಿ ಮನುಷ್ಯ ಬಂದ. ಮೂವರಿಗೂ ಬರಿಟೋ ಎಂಬ ಸುತ್ತಿದ ರೊಟ್ಟಿಯ ಊಟ ಕೊಡಿಸಿದ. ಟಾಡ್ ಅದನ್ನು ತಿಂದು ಮುಗಿಸುವಷ್ಟರಲ್ಲೇ ಮನಸ್ಸಿನಲ್ಲಿ ಸಹಿ ಹಾಕಿಬಿಟ್ಟಿದ್ದ.

"ನಾನು ಒಲ್ಲೆ," ಅಂದಳು ರೋಂಡಾ.

"ಒಲ್ಲೆ ಅಂದ್ರೆ ಬಿಡು. ಡ್ರಮ್ ಬಾರಿಸೋರಿಗೆ ಈ ಊರಲ್ಲಿ ಬರ ಬಂದಿಲ್ಲ," ಅಂದ ಟಾಡ್.

ಡ್ಯಾನಿ ತಟ್ಟೆ ನೋಡುತ್ತ ಕೂತ. ರೋಂಡಾ ಸಹಿ ಹಾಕಿದಳು. ಬ್ಯಾಂಡು ಬಿಟ್ಟರೆ ಅವಳಿಗೆ ಇದ್ದದ್ದು ಕಾರಿನ ಬಿಡಿಭಾಗದ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದಿನ ಕೆಲಸ ಮತ್ತು ಆ ಮೊಟ್ಟೆ ವಾಸನೆ, ಅಷ್ಟೇ.

ಸುದ್ದಿ ಅವಳಿಗಿಂತ ಮೊದಲೇ ಬೇಕರಿ ತಲುಪಿತ್ತು. ಶನಿವಾರ ಹೋದರೆ ಗೇಲ್ ಬಾಗಿಲಿಗೆ ಅಡ್ಡ ನಿಂತಳು.

"ಬಾರಿಸೋಕೆ ಬಂದಿಲ್ಲ ಕಣೇ. ಕೇಳೋಕೆ ಬಂದಿದ್ದೀನಿ."

"ಮನೇಲಿ ರೇಡಿಯೋ ಇಲ್ವಾ? ಇನ್ಮೇಲೆ ಅದ್ರಲ್ಲೇ ತಾನೇ ನಿನ್ನ ಸಂಸಾರ?"

"ಗೇಲ್, ನಾನು ಬೇಡ ಅಂದೆ. ಅವರಿಬ್ಬರೂ..."

"ಕೈ ನಿಂದು, ಪೆನ್ನು ನಿಂದು. ಮಾರ್ಕೊಂಡೋಳು ಮಾರ್ಕೊಂಡೆ ಅನ್ನು. ಕಥೆ ಹೇಳಬೇಡ."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಯಾರೋ ಉಗಿದದ್ದು ಅವಳ ಜಾಕೆಟ್ಟಿನ ಕಾಲರಿನ ಮೇಲೆ ಬಿತ್ತು. ಅವಳೇ ಒರೆಸಿ ಒರೆಸಿ ಹೊಳಪು ತಂದ ಹೊಸಿಲು ಅದು, ದಾಟಲು ಬಿಡಲಿಲ್ಲ. ರೋಂಡಾ ತಿರುಗಿ ಉಗಿದಳು, ಗೇಲಳ ಬೂಟಿನ ಮೇಲೆ. ಅಲ್ಲಿಗೆ ಗೆಳೆತನ ಮುಗಿಯಿತು. ಆಮೇಲೆ ಬೇಕರಿಯವರು ಅವಳ ವ್ಯಾನಿನ ಚಕ್ರ ಕುಯ್ದರು, ಬದಿಗೆ ಕೆಂಪು ಬಣ್ಣದಲ್ಲಿ ಆಡಬಾರದ ಮಾತು ಬರೆದರು. ಅಪ್ಪ ಸೀಮೆಎಣ್ಣೆ ಹಚ್ಚಿ ಉಜ್ಜುತ್ತ, "ಇವರೇನಾ ನಿನ್ನ ಸ್ನೇಹಿತರು?" ಅಂದ.

ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಉಗಿಯುವವರಿರಲಿಲ್ಲ. ಬದಲಿಗೆ ಹಾಲ್ಪರ್ನ್ ಇದ್ದ. ಆಲ್ಬಮ್ ಮಾಡಿಸಲು ಕಂಪನಿ ಕೊಟ್ಟ ನಿರ್ಮಾಪಕ. ತೆಳ್ಳನೆಯವನು, ದನಿ ಏರಿಸಿದವನೇ ಅಲ್ಲ. ಅವಳ ಕಿವಿಗೆ ಟಿಕ್ ಟಿಕ್ ಅನ್ನುವ ಯಂತ್ರ ಸಿಕ್ಕಿಸಿ, ಇದಕ್ಕೆ ಸರಿಯಾಗಿ ಬಾರಿಸು ಅಂದ. ಆ ಟಿಕ್ ಟಿಕ್ ಒಂದು ದಾರಿ ಹಿಡಿದರೆ ಅವಳ ಕೈ ಇನ್ನೊಂದು.

"ಪಲ್ಲವಿ ಬಂದಾಗ ನೀನು ಓಡ್ತೀಯಮ್ಮಾ," ಅಂದ ಹಾಲ್ಪರ್ನ್.

"ಪಲ್ಲವಿ ಬಂದಾಗ ಎಲ್ಲರೂ ಓಡ್ತಾರೆ. ಅದಕ್ಕೇ ಅದು ಪಲ್ಲವಿ."

"ಇನ್ನೊಂದ್ಸಲ ನೋಡೋಣ."

ಹೀಗೆ ಇನ್ನೊಂದು ಸಲ, ಇನ್ನೊಂದು ಸಲ. ಗಾಜಿನ ಆಚೆ ಟಾಡ್ ಸೋಫಾದ ಮೇಲೆ ಕಾಲು ಚಾಚಿ ಚಿಪ್ಸ್ ತಿನ್ನುತ್ತ ಹಾಲ್ಪರ್ನನ ಕಿವಿಯಲ್ಲಿ ಏನೋ ಹೇಳಿದ್ದು, ಅವನು ನಕ್ಕದ್ದು ಅವಳಿಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲ್ಪರ್ನ್, "ಬಹಳ ಚೆನ್ನಾಗಿ ಬಂತು, ನಿನ್ನ ಕೆಲಸ ಆಯ್ತು," ಎಂದು ಬೆನ್ನು ತಟ್ಟಿ ಕಳಿಸಿದ. ಹಾಡುವುದು ಬಾಕಿ ಇದೆ ಎಂದು ಟಾಡ್, ಡ್ಯಾನಿ ಉಳಿದರು. ರೋಂಡಾ ಬಸ್ಸು ಹತ್ತಿ ಬಂದು ಅಂಗಡಿಯಲ್ಲಿ ಮತ್ತೆ ಬ್ರೇಕ್ ಪ್ಯಾಡ್ ಮಾರತೊಡಗಿದಳು.

ಸಿಡಿ ಅಂಚೆಯಲ್ಲಿ ಬಂತು. ಹಿಂಬದಿಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಆ ಹೆಸರನ್ನು ಜೋರಾಗಿ ಓದಿದ. ಕಾಫಿ ಮಾಡಿದ. ಅಡುಗೆಮನೆಯಲ್ಲೇ ಕೂತು ಕೇಳಿದರು.

ಮೊದಲ ಹಾಡು ಚೊಕ್ಕಟವಾಗಿತ್ತು. ಅತಿ ಚೊಕ್ಕಟ. ಹಾಲ್ಪರ್ನ್ ಏನೋ ತಿದ್ದಿರಬೇಕು ಅಂದುಕೊಂಡಳು. ಎರಡನೆಯದರ ನಡುವೆ ಡ್ರಮ್ಮುಗಳ ಮೇಲೆ ಒಂದು ಸುತ್ತು ಬಂತು, ಸರಸರನೆ ಇಳಿದು ಹಿತ್ತಾಳೆಯ ಸಿಂಬಲಿನ ಮೇಲೆ ನಿಂತಿತು. ಸೊಗಸಾಗಿತ್ತು. ಆದರೆ ಅಂಥದ್ದೊಂದನ್ನು ಅವಳು ಜನ್ಮದಲ್ಲಿ ಬಾರಿಸಿದ್ದಿಲ್ಲ. ಆ ಸುತ್ತು ಅವಳಿಗೆ ಬರುತ್ತಲೂ ಇರಲಿಲ್ಲ. ಮೂರನೆಯದು, ನಾಲ್ಕನೆಯದು; ಒಂದು ಏಟಾದರೂ ತನ್ನದಿರಲಿ ಎಂದು ಹುಡುಕುತ್ತ ಕೊನೆಯವರೆಗೂ ಕೇಳಿದಳು. ಒಂದೂ ಇರಲಿಲ್ಲ.

"ಚೆನ್ನಾಗಿದೆ ಮಗಳೇ," ಅಂದ ಅಪ್ಪ.

ಅವಳು ಎದ್ದು ಹೋಗಿ ವ್ಯಾನ್ ಹತ್ತಿದಳು.

ಟಾಡ್ ತನ್ನ ಮನೆಯ ಮುಂದೆ ಅವರಮ್ಮನ ಕಾರು ತೊಳೆಯುತ್ತಿದ್ದ. ಅವಳ ಮುಖ ನೋಡಿದ್ದೇ ನೀರು ನಿಲ್ಲಿಸಿದ.

"ಯಾರೋ ಅವನು, ಬಾರಿಸಿದೋನು?"

"ಕಂಪನಿಯವರು ಕರೆಸಿದ್ರು. ಎರಡು ದಿನದಲ್ಲಿ ಪೂರಾ ಮುಗಿಸಿಬಿಟ್ಟ, ರೋಂಡಾ. ಎಂಥಾ ಕೈ ಗೊತ್ತಾ..."

"ನಿನಗೆ ಯಾವಾಗ ಗೊತ್ತಾಯ್ತು?"

ಟಾಡ್ ಸ್ಪಂಜು ಹಿಂಡಿದ. "ನೀನು ಅಲ್ಲಿದ್ದಾಗಲೇ. ಹೆಸರು ನಿಂದೇ ಹಾಕಿದೀವಲ್ಲ! ಇನ್ನೇನು ಬೇಕು?"

"ಎಲ್ಲರಿಗೂ ಹೇಳ್ತೀನಿ."

"ಯಾರಿಗೆ? ಬೇಕರಿಯೋರಿಗಾ? ಹೋಗಿ ಹೇಳು. ಒಳಗೆ ಬಿಟ್ರೆ."

ಅವಳು ಬಕೆಟ್ ಎತ್ತಿ ಆ ಕೊಳೆ ನೀರನ್ನು ಅವನ ತಲೆಯ ಮೇಲೆ ಸುರಿದಳು. ಮನಸ್ಸು ತಣ್ಣಗಾಗಲಿಲ್ಲ. ವಾಪಸ್ ಬರುವ ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಅತ್ತಳು. ಇನ್ನೊಬ್ಬನು ಬಾರಿಸಿದ ಆಲ್ಬಮ್ಮಿಗಾಗಿ ತಾನು ಉಗಿಸಿಕೊಂಡೆನಲ್ಲ ಎಂಬುದು ಅವಳ ಎದೆಗೆ ನಾಟಿತ್ತು.

ಆಲ್ಬಮ್ ಬಿಡುಗಡೆಯ ಮಧ್ಯಾಹ್ನ ಬರ್ಕ್ಲಿಯ ಒಂದು ದೊಡ್ಡ ಕ್ಯಾಸೆಟ್ ಅಂಗಡಿಯ ಹಿಂದಿನ ಬಯಲಿನಲ್ಲಿ ವೇದಿಕೆ ಹಾಕಿದ್ದರು. ಅವಳು ಹೋದಳು. ಹೋಗುವುದಿಲ್ಲ ಅಂದಿದ್ದರೆ ಟಾಡನಿಗೆ ಹಾಯಾಗುತ್ತಿತ್ತು, ಅದಕ್ಕೇ ಹೋದಳು. ಗೇಟಿನ ಹತ್ತಿರ ಗೇಲ್ ಮತ್ತು ಬೇಕರಿಯವರು ಫಲಕ ಹಿಡಿದು ನಿಂತಿದ್ದರು. ಒಳಗೆ ಮುಂದಿನ ಸಾಲಿನಲ್ಲೂ ಅವರ ಕಡೆಯವರೇ. ಕೇಳಲು ಬಂದ ಹೈಸ್ಕೂಲು ಮಕ್ಕಳು ಹೆದರಿ ಹಿಂದೆ ಸರಿದಿದ್ದರು.

ಮೊದಲ ಹಾಡನ್ನೇ ರೋಂಡಾ ತನ್ನ ವೇಗದಲ್ಲಿ ಎತ್ತಿಕೊಂಡಳು. ಎರಡನೆಯದನ್ನು ಅದಕ್ಕೂ ಮೇಲೆ. ಟಾಡ್ ತಿರುಗಿ, "ನಿಧಾನ! ನಿಧಾನ ಮಾಡೇ!" ಅಂತ ಕಿರುಚಿದ. ಅವಳು ಅವನ ಮುಖ ನೋಡುತ್ತಲೇ ಇನ್ನಷ್ಟು ಬಿಗಿದಳು. ಹಾಡಿನ ಮಾತುಗಳು ಹಿಂದೆ ಬಿದ್ದವು, ಅವನಿಗೆ ಉಸಿರು ಸಿಕ್ಕಿಕೊಂಡಿತು, ರಾಗ ಹರಿದು ಚಿಂದಿಯಾಯಿತು. ಮುಂದಿನ ಸಾಲಿನಿಂದ ಟಾರ್ಚಿನ ಶೆಲ್ಲುಗಳು ತೂರಿ ಬಂದವು. ಒಂದು ಅವಳ ಹುಬ್ಬಿಗೆ ಬಿತ್ತು. ರಕ್ತ ಕಣ್ಣಿಗಿಳಿದರೂ ಹಾಡು ಮುಗಿಸಿ, ಎದ್ದು ಬಂದು ಟಾಡನ ಕೈಯಿಂದ ಮೈಕು ಕಿತ್ತುಕೊಂಡಳು.

"ಈ ಆಲ್ಬಮ್ಮಿನಲ್ಲಿ ಬಾರಿಸಿರೋದು ನಾನಲ್ಲ. ಕಂಪನಿಯೋರು ನನ್ನ ಕಿತ್ತಾಕಿ ಬೇರೆಯವನ ಕೈಲಿ ಬಾರಿಸಿ ನನ್ನ ಹೆಸರು ಹಾಕಿದ್ದಾರೆ. ತಗೋಬೇಡಿ ಇದನ್ನ."

ಇನ್ನಾದರೂ ಯಾರಾದರೂ ಒಬ್ಬರು ಅವಳ ಪರ ಒಂದು ಮಾತು ಆಡಬಹುದಿತ್ತು. ಗೇಟಿನಿಂದ ಗೇಲಳ ದನಿ ಬಂತು:

"ಮಾರ್ಕೊಳ್ಳೋಕೂ ಬರಲಿಲ್ವೇನೇ ನಿನಗೆ?"

ಬಯಲು ಹೋ ಎಂದು ನಕ್ಕಿತು. ಹಿಂದಿದ್ದ ಮಕ್ಕಳೂ ನಕ್ಕರು. ಡ್ಯಾನಿ ನೆಲ ನೋಡಿದ. ರೋಂಡಾ ಮೈಕನ್ನು ಕೆಳಗೆ ಬಿಟ್ಟು, ಡ್ರಮ್ಮುಗಳನ್ನೂ ಅಲ್ಲೇ ಬಿಟ್ಟು, ಜನರ ನಡುವೆಯೇ ನಡೆದು ಹೊರಬಂದಳು. ದಾರಿ ಬಿಟ್ಟರು. ಗೇಲಳನ್ನು ದಾಟುವಾಗ ಫಲಕ ಕಸಿದು ಮಂಡಿಗೆ ಕೊಟ್ಟು ಮುರಿದಳು.

ಬ್ಯಾಂಡಿಗೆ ಹೊಸ ಡ್ರಮ್ಮರು ಬಂದ. ಒಂದು ಹಾಡು ಒಂದು ಬೇಸಿಗೆ ರೇಡಿಯೋದಲ್ಲಿ ಓಡಿತು. ಎರಡನೇ ಆಲ್ಬಮ್ಮಿಗೆ ಮೊದಲೇ ಕಂಪನಿ ಅವರನ್ನು ಕೈಬಿಟ್ಟಿತು. ಟಾಡ್ ಸ್ಯಾಕ್ರಮೆಂಟೋದಲ್ಲಿ ಮನೆ ಮಾರುವ ದಲ್ಲಾಳಿಯಾದ. ಡ್ಯಾನಿ ಒಮ್ಮೆ ಕ್ಷಮೆ ಕೇಳಲು ಬಂದು ಜಾಲರಿ ಬಾಗಿಲಾಚೆ ಬಹಳ ಹೊತ್ತು ನಿಂತಿದ್ದ. ಅವಳು ಚಿಲಕ ತೆಗೆಯಲಿಲ್ಲ.

ರೋಂಡಾ ಅಪ್ಪನ ಕಾರ್ಖಾನೆಯಲ್ಲೇ ಬೆಸುಗೆ ಕಲಿತಳು. ಹೆಂಗಸು ಎಂದು ಆಡಿಕೊಂಡವರನ್ನು ಅವಳೂ ಬಿಡಲಿಲ್ಲ. ಹತ್ತಾರು ವರ್ಷಗಳಲ್ಲಿ ಮೇಸ್ತ್ರಿಯಾದಳು. ಅಪ್ಪನನ್ನು ಮಣ್ಣು ಮಾಡಿದಳು. ಗ್ಯಾರೇಜಿನಲ್ಲಿ ಸಾಮಾನು ತುಂಬಿದಳು.

ಹೋದ ವರ್ಷ ಗೇಲ್ ದಿನಸಿ ಅಂಗಡಿಯಲ್ಲಿ ಎದುರಾದಳು. ಕೂದಲು ನೆರೆತಿತ್ತು. ಬೇಕರಿಯ ಚರಿತ್ರೆ ಪುಸ್ತಕವಾಗಿ ಬರುತ್ತಿದೆ, ನಿನ್ನದೂ ನಾಲ್ಕು ಮಾತು ಬೇಕು ಅಂದಳು.

"ಆಗ ಚಿಕ್ಕವರಿದ್ವಿ ಕಣೇ. ಬಿಟ್ಟಾಕು. ಆ ನಿಯಮಾನೂ ತೆಗೆದು ಎಷ್ಟೋ ಕಾಲ ಆಯ್ತು. ಈಗ ಯಾರು ಬೇಕಾದ್ರೂ ಬಾರಿಸಬಹುದು."

ರೋಂಡಾ ತಳ್ಳುಗಾಡಿ ನಿಲ್ಲಿಸಿದಳು. "ತೆಗೆದ್ರಾ?"

"ಹ್ಞೂಂ, ಕೈ ಎತ್ತಿ ತೀರ್ಮಾನ ಆಯ್ತು."

"ನೀನೂ ಎತ್ತಿದ್ಯಾ?"

ಗೇಲ್ ನಗಲು ನೋಡಿದಳು.

"ನಿಯಮ ಉಳಿಸ್ಕೊಂಡಿದ್ರೆ ನಿನ್ನ ಮಾತಾಡಿಸ್ತಿದ್ನೇನೋ," ಅಂದಳು ರೋಂಡಾ. "ಈಗ ದಾರಿ ಬಿಡು. ಮೀನಿನ ಐಸು ಕರಗ್ತಿದೆ."

ಪುಸ್ತಕ ಬಂತು. ಒಂದು ಪ್ರತಿ ಅವಳ ಮನೆಗೂ ಬಂತು. ಅವಳು ಹೊದಿಕೆ ಬಿಚ್ಚದೆ ಪಕ್ಕದ ಮನೆಯವರ ಹಳೇ ಕಾಗದದ ಡಬ್ಬಿಗೆ ಹಾಕಿ ಪಾಳಿಗೆ ಹೊರಟಳು.