ಗಣಪತಿಯ ಪತ್ರಿ ಮತ್ತು ಗುಂಡ್ಯಾನ ವಾಂತಿ

1997ರಲ್ಲಿ ನಾನು ಪುಣೆಯಲ್ಲಿ ಸ್ವಂತ ಪಶುವೈದ್ಯ ಕ್ಲಿನಿಕ್ ನಡೆಸುತ್ತಿದ್ದೆ. ಊರು ಧಾರವಾಡ. ಪುಣೆಗೆ ಬರುವ ಮೊದಲು ಕೆಲವು ವರ್ಷ ಇಂದಾಪುರದ ಕಡೆ ದನ, ಎಮ್ಮೆಗಳ ಡಾಕ್ಟರನಾಗಿದ್ದೆ. ಭುಜದವರೆಗೆ ಕೈಗವಸು ಏರಿಸಿಕೊಂಡು ಎಮ್ಮೆಗಳ ಹೆರಿಗೆ ಮಾಡಿಸಿದವನ ಅಂಗೈಗೆ ನಗರದ ಜನ ಮೂವತ್ತು, ನಲವತ್ತು ಗ್ರಾಂ ತೂಕದ ಹಕ್ಕಿಗಳನ್ನು ತಂದಿಡತೊಡಗಿದ್ದರು. ಅವನ್ನು ಹಿಡಿಯುವಾಗ ರೋಗಿಗಿಂತ ನನಗೇ ಹೆಚ್ಚು ಉಸಿರು ಕಟ್ಟುತ್ತಿತ್ತು.

ಆ ವರ್ಷದ ಗಣೇಶ ಚತುರ್ಥಿಯ ಮಧ್ಯಾಹ್ನ. ಕ್ಲಿನಿಕ್ಕಿಗೆ ರಜೆ. ನನ್ನ ತಟ್ಟೆಗೆ ಬಿಸಿ ಕಡುಬು ಬಿದ್ದು, ಅದರ ಮೇಲೆ ತುಪ್ಪ ಇನ್ನೂ ಬೀಳಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಗುರುರಾಜ ಜೋಶಿ ಪ್ರತ್ಯಕ್ಷರಾದರು. ಅವರು ವಿಜಾಪುರದವರು, ಲಕ್ಷ್ಮೀ ರಸ್ತೆಯಲ್ಲಿ ಸೀರೆ ವ್ಯಾಪಾರಿ. ಸ್ಕೂಟರ್ ಆರಿಸುವುದನ್ನೂ ಮರೆತು ಬಂದಿದ್ದರು.

"ಡಾಕ್ಟರ್ರ, ಲಗೂನ ಬರ್ರಿ! ಗುಂಡ್ಯಾ ಪತ್ರಿ ತಿಂದಾನ, ವಾಂತಿ ಮಾಡ್ಲಿಕ್ಕತ್ತಾನ. ಅವ್ವ ಊಟಾ ಬಿಟ್ಟು ಕೂತಾಳ."

ಕಡುಬನ್ನು ಒಮ್ಮೆ ಆಸೆಯಿಂದ ನೋಡಿ ಎದ್ದೆ.

ಗುಂಡ್ಯಾ ಅಂದರೆ ಜೋಶಿಯವರ ತಾಯಿ ಅಂಬಾಬಾಯಿಯವರ ಬಜರಿಗರ್. ನಮ್ಮ ಜನ ಲವ್ ಬರ್ಡ್ ಎಂದು ಕರೆಯುವ, ಹಸಿರು ಮೈಯ ಪುಟ್ಟ ಗಿಳಿ. ಈ ಜಾತಿಯ ಗಂಡುಗಳಿಗೆ ಮಾತು ಕಲಿಸಬಹುದು. ಅಂಬಾಬಾಯಿ ಅದಕ್ಕೆ ಅಪ್ಪಟ ವಿಜಾಪುರದ ಕನ್ನಡ ಕಲಿಸಿದ್ದರು. ಬಾಗಿಲಿಗೆ ಯಾರು ಬಂದರೂ "ಬರ್ರಿ, ಕೂಡ್ರಿ, ಚಹಾ ಆತೇನ್ರಿ?" ಎನ್ನುತ್ತಿತ್ತು. ಗ್ಯಾಸ್ ಸಿಲಿಂಡರ್ ತರುವವನಿಗೂ ಅದೇ ಉಪಚಾರ. "ಮೊಮ್ಮಕ್ಕಳು ಮನ್ಯಾಗೂ ಮರಾಠಿನ ಮಾತಾಡ್ತಾವ. ನನ್ನ ಜೋಡಿ ಕನ್ನಡ ಮಾತಾಡಾಂವ ಇವ ಒಬ್ಬನ" ಎಂದು ಅವರು ಹೆಮ್ಮೆ ಪಡುತ್ತಿದ್ದರು.

ಸ್ಕೂಟರಿನ ಹಿಂದೆ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಪತ್ರಿಯ ಕಟ್ಟು. ಚತುರ್ಥಿಗೆ ಗಣಪತಿಗೆ ಇಪ್ಪತ್ತೊಂದು ಬಗೆಯ ಎಲೆ ಏರಿಸುತ್ತಾರೆ. ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ಎಲ್ಲವನ್ನೂ ಸೇರಿಸಿ ಕಟ್ಟಿ ಮಾರುತ್ತಾರೆ. ಅದರಲ್ಲಿ ಗರಿಕೆ ಇದೆ, ಹಕ್ಕಿಗೆ ಒಳ್ಳೆಯ ಮೇವು. ತುಳಸಿ ಕುಕ್ಕಿದರೂ ಭಯವಿಲ್ಲ. ಆದರೆ ಅದೇ ಕಟ್ಟಿನಲ್ಲಿ ಎಕ್ಕ, ದತ್ತೂರಿ, ಕಣಗಿಲೆ ಕೂಡ ಇರುತ್ತವೆ. ಕಣಗಿಲೆಯ ವಿಷ ನೇರ ಹೃದಯದ ಬಡಿತವನ್ನೇ ಹಾಳುಗೆಡವುತ್ತದೆ. ಇಂದಾಪುರದಲ್ಲಿ ಕಣಗಿಲೆ ಬೇಲಿಗೆ ಬಾಯಿ ಹಾಕಿದ ಎತ್ತೊಂದು ನಾನು ತಲುಪುವಷ್ಟರಲ್ಲಿ ಸತ್ತುಬಿದ್ದಿತ್ತು. ಅಂಥಾ ಎತ್ತೇ ಉಳಿಯದಿದ್ದರೆ ಗುಂಡ್ಯಾನ ಗತಿಯೇನು?

ಜೋಶಿಯವರ ಮನೆಯ ಪಡಸಾಲೆಯಲ್ಲಿ ಅವರ ಹೆಂಡತಿ ಸುಧಾ ತಾವೇ ಥರ್ಮೋಕೋಲಿನಲ್ಲಿ ಕಟ್ಟಿದ ಮಖರ, ಅಂದರೆ ಗಣಪತಿಯ ಮಂಟಪ, ಝಗಝಗಿಸುತ್ತಿತ್ತು. ಕಂಬಗಳಿಗೆಲ್ಲ ಪುಟ್ಟ ದುಂಡು ಕನ್ನಡಿ ಅಂಟಿಸಿದ್ದರು. ಪೂಜೆಯ ನಂತರ ಪಂಜರದ ಬಾಗಿಲು ತೆರೆದಿದ್ದಾಗ ಗುಂಡ್ಯಾ ಹಾರಿಹೋಗಿ ಪತ್ರಿಯ ರಾಶಿಯ ಮೇಲೇ ಕೂತಿದ್ದನಂತೆ. ಈಗ ಅಂಬಾಬಾಯಿಯವರ ಸೆರಗಿನಲ್ಲಿ ಸುಮ್ಮನೆ ಕುಳಿತಿದ್ದ. ನನಗೆ ಚಹಾದ ಉಪಚಾರ ಸಿಗಲಿಲ್ಲ.

"ಅವ್ವಾರ, ಏರಿಸಿದ ಪತ್ರಿ ತಗದು ನೋಡಬೇಕಾಗ್ತದ" ಎಂದೆ.

ಎಲ್ಲರೂ ಅಂಬಾಬಾಯಿಯ ಮುಖ ನೋಡಿದರು. ಏರಿಸಿದ ಪತ್ರಿಯನ್ನು ಮರುದಿನದವರೆಗೆ ಕದಲಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅವರು ಗಣಪತಿಯ ಕಡೆ ತಿರುಗಿ ಕೈ ಮುಗಿದು, ಗಟ್ಟಿಯಾಗಿ ಹೇಳಿದರು: "ತಗೀರಿ. ಗಣಪ್ಪಗ ನಾ ಹೇಳ್ಕೋತೀನಿ."

ಕಿಟಕಿಯ ಬೆಳಕಿಗೆ ಒಂದೊಂದೇ ಎಲೆ ಹಿಡಿದೆ. ಈ ಹಕ್ಕಿ ಕಡಿದರೆ ಎಲೆಯಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಉಳಿಯುತ್ತದೆ. ಗರಿಕೆಯ ತುದಿಯಲ್ಲಿ ಕಚ್ಚು ಇತ್ತು. ಎಕ್ಕ, ದತ್ತೂರಿ ಇಡಿಯಾಗಿದ್ದವು. ಆದರೆ ಒಂದು ಕಣಗಿಲೆ ಎಲೆಗೆ ತುದಿಯೇ ಇರಲಿಲ್ಲ.

ಉಳಿದ ದಾರಿ ಒಂದೇ, ಕ್ರಾಪ್ ತೊಳೆಯುವುದು. ಕ್ರಾಪ್ ಅಂದರೆ ಹಕ್ಕಿಯ ಕುತ್ತಿಗೆಯ ಬುಡದಲ್ಲಿ ಕಾಳು ನೆನೆಯುವ ಚೀಲ. ಅದಕ್ಕೆ ನಳಿಕೆ ಇಳಿಸಿ ತೊಳೆಯುವಾಗ ನೀರು ಶ್ವಾಸಕ್ಕೆ ಹೋದರೆ ವಿಷವಿಲ್ಲದೆಯೇ ಹಕ್ಕಿ ಸಾಯುತ್ತದೆ. ನಳಿಕೆ ಕೈಗೆತ್ತಿಕೊಂಡವನು ಧೈರ್ಯ ಸಾಲದೆ ಇನ್ನೊಂದು ಪ್ರಶ್ನೆ ಕೇಳಿದೆ.

"ಮೊದಲ ವಾಂತಿ ಯಾವಾಗ ಆತ್ರಿ?"

"ನಿನ್ನೆ ಸಂಜೀಗೇ ಹೊರಗ ಬಿಟ್ಟಾಗ ಸ್ವಲ್ಪ ಕಾಳು ಕಾರಿದ್ದಾ" ಎಂದರು ಸುಧಾ. "ಮಾತೂ ನಿನ್ನೆಯಿಂದನ ಬಿಟ್ಟಾನ್ರಿ."

"ಪತ್ರಿ ಯಾವಾಗ ತಂದದ್ದು?"

"ಇವತ್ತ ಮುಂಜಾನೆ."

ನಳಿಕೆ ಕೆಳಗಿಟ್ಟೆ. ಕಣಗಿಲೆ ಎಲೆಯನ್ನು ಮತ್ತೆ ನೋಡಿದರೆ ಮುರಿದ ಅಂಚು ಒಣಗಿ ಕಂದಾಗಿತ್ತು. ಅದು ಗಿಡದಲ್ಲೇ ಮುರಿದದ್ದು. "ನಿನ್ನೆ ಮನೀಗೆ ಹೊಸಾದು ಏನು ಬಂತ್ರಿ?"

"ನಿನ್ನೆ ಮಧ್ಯಾಹ್ನ ಮಖರ ಒಂದು ಕಟ್ಟೀನಿ, ಅಷ್ಟ."

ಮಖರದ ಹತ್ತಿರ ಬಗ್ಗಿದೆ. ಅಷ್ಟು ಕನ್ನಡಿಗಳಲ್ಲಿ ಒಂದೇ ಒಂದಕ್ಕೆ ನವಣೆ ಕಾಳು ಅಂಟಿ ಒಣಗಿತ್ತು. ಅಂಬಾಬಾಯಿಗೆ ಗುಂಡ್ಯಾನನ್ನು ಬೆರಳ ಮೇಲೆ ಕೂಡಿಸಿ ಅಲ್ಲಿಗೆ ತರಲು ಹೇಳಿದೆ. ಕನ್ನಡಿ ಕಂಡದ್ದೇ ತಡ, ಸತ್ತಂತೆ ಕೂತವನು ರೆಕ್ಕೆ ಒದರಿ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಗುಟುರು ಹಾಕುತ್ತ, ಗಂಟಲಿಂದ ಕಾಳು ತಂದು ಕನ್ನಡಿಯೊಳಗಿನ ಹಕ್ಕಿಯ ಬಾಯಿಗೆ ತುರುಕತೊಡಗಿದ!

ಅದು ವಾಂತಿಯಲ್ಲ. ಗಂಡು ಹಕ್ಕಿ ತನಗೊಪ್ಪಿದ ಹೆಣ್ಣಿಗೆ ಹೀಗೇ ತುತ್ತು ಕೊಡುತ್ತದೆ. ವಿಷ ತಿಂದ ಹಕ್ಕಿ ತಲೆ ಒದರಿ ಸುತ್ತೆಲ್ಲ ಕಾರಿ ಮುಖ ಹೊಲಸು ಮಾಡಿಕೊಳ್ಳುತ್ತದೆ. ಗುಂಡ್ಯಾನ ಮುಖ ಮದುಮಗನ ಹಾಗೆ ಸ್ವಚ್ಛವಾಗಿತ್ತು.

"ಅಯ್ಯ ನನ್ನಪ್ಪ, ಕನ್ಯಾ ನೋಡ್ಲಿಕ್ಕತ್ತಿದ್ದೇನು!" ಎಂದು ಅಂಬಾಬಾಯಿ ನಕ್ಕ ನಗುವಿಗೆ ಪಕ್ಕದ ಮನೆಯವರೂ ಓಡಿ ಬಂದರು. ನನಗಂತೂ ಕುಣಿಯುವಷ್ಟು ಖುಷಿಯಾಗಿತ್ತು. ಆದರೂ ನಿಗಾ ಇಡಬೇಕಲ್ಲ ಎಂಬ ನೆಪದಲ್ಲಿ ಸಂಜೆಯವರೆಗೆ ಅಲ್ಲೇ ಕೂತು, ಅವರ ಮನೆಯ ಕಡುಬನ್ನು ಸಾಕೆನ್ನುವಷ್ಟು ಹೊಡೆದೆ.

ಹೊರಡುವಾಗ ಕನ್ನಡಿ ತೆಗೆದು ಒಂದು ಹೆಣ್ಣು ಹಕ್ಕಿ ತರಲು ಹೇಳಿದೆ. ಜೋಡಿ ಸಿಕ್ಕರೆ ಅವನು ನಿಮ್ಮೊಂದಿಗೆ ಕನ್ನಡ ಆಡುವುದು ಕಡಿಮೆಯಾದೀತು ಎಂದೂ ಎಚ್ಚರಿಸಿದೆ. ಅಂಬಾಬಾಯಿ ಗುರುರಾಜರತ್ತ ಓರೆನೋಟ ಬೀರಿ, "ಇರ್ಲಿ ಬಿಡ್ರಿ. ಲಗ್ನಾದ ಮ್ಯಾಲ ಯಾವ ಮಗ ಅವ್ವನ ಜೋಡಿ ಮಾತಾಡ್ತಾನ?" ಎಂದರು.

ಅಂದಿನಿಂದ ಚತುರ್ಥಿ ಬಂದರೆ ಹಕ್ಕಿ ಸಾಕಿದ ಮನೆಯವರಿಗೆಲ್ಲ ನಾನು ಮೊದಲೇ ಹೇಳಿಡುತ್ತೇನೆ: ಕಣಗಿಲೆ, ಎಕ್ಕ, ದತ್ತೂರಿ ಹಕ್ಕಿಗೆ ಎಟುಕದಂತಿರಲಿ, ಗರಿಕೆಯನ್ನು ತೊಳೆದು ಪಂಜರಕ್ಕೂ ಒಂದು ಹಿಡಿ ಹಾಕಿ. ಹಕ್ಕಿಗೆ ಏನಾದರೂ ಆಯಿತೆಂದು ಬಂದವರಿಗೆ ಏನು ತಿಂದಿತು ಎಂದು ಕೇಳುವುದಕ್ಕೂ ಮೊದಲು, ಮನೆಗೆ ಹೊಸದಾಗಿ ಏನು ಬಂತು, ಯಾವಾಗ ಬಂತು ಎಂದು ಕೇಳುತ್ತೇನೆ. ಓದಿನಲ್ಲಿ ಸಿಗದ ಈ ಪಾಠವನ್ನು ಕಲಿಸಿದವನು ಗುಂಡ್ಯಾ.

ಮರುವರ್ಷ ಚತುರ್ಥಿಯ ಊಟಕ್ಕೆ ಜೋಶಿಯವರ ಮನೆಗೇ ಕರೆ ಬಂತು. ಪಂಜರದಲ್ಲಿ ಗುಂಡ್ಯಾ ಹೆಂಡತಿಯ ತಲೆಯಲ್ಲಿ ಹೇನು ಹೆಕ್ಕುತ್ತಿದ್ದ, ನನ್ನತ್ತ ತಿರುಗಿಯೂ ನೋಡಲಿಲ್ಲ. ಆದರೆ ಪಕ್ಕದ ಕಡ್ಡಿಯ ಮೇಲಿದ್ದ ಒಂದು ನೀಲಿ ಮರಿ ಕತ್ತು ಕೊಂಕಿಸಿ, "ಬರ್ರಿ, ಕೂಡ್ರಿ" ಅಂದಿತು.

ಅಂಬಾಬಾಯಿಯ ಮುಖ ಅರಳಿತು. "ಕೇಳಿದ್ರೇನು ಡಾಕ್ಟರ್ರ? ಕಡೀಕ ಒಬ್ಬ ಮೊಮ್ಮಗ ಕನ್ನಡ ಕಲ್ತಾ ನೋಡ್ರಿ!"