ಬಾಚಣಿಗೆ ಎಂದಿದ್ದಿರಿ

ಅಂದು ನೀವು ಸರಿಯಾಗಿಯೇ ಹೇಳಿದ್ದಿರಿ. ಸುಳ್ಳು ಹೇಳಿದವಳು ನಾನು, ನಿಮ್ಮ ಹೆಂಡತಿ. ನಿಮಗೀಗ ಓದಲಾಗದು ಎಂಬ ಧೈರ್ಯದಲ್ಲೇ ಇದನ್ನು ಬರೆಯುತ್ತಿದ್ದೇನೆ — ಇದೂ ಒಂದು ಹೇಡಿತನ.

ನಿಮಗೆ ಸ್ಟ್ರೋಕ್ ಆಗಿ ಎರಡು ತಿಂಗಳಿಗೆ ನಮ್ಮೂರು ಕೇಣಿಚಿರದಿಂದ ಘಟ್ಟ ಇಳಿದು ಕಲ್ಲಿಕೋಟೆಗೆ ಹೋಗಿದ್ದೆವು. ಮಿದುಳಿನಲ್ಲಿ ಮಾತಿನ ದಾರಿ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿ ನೋಡುವವರಿದ್ದರು. ಮೊದಲು ಒಂದು ಫಾರ್ಮ್ ಕೊಟ್ಟರು. ಮನೆಮಾತು ಯಾವುದು? ನಾನು ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಇಂಗ್ಲಿಷ್, ಮಲಯಾಳಂ ಎಂದು ಬರೆದೆ. ನಮ್ಮ ಮನೆಮಾತು ಕನ್ನಡ ಎಂದು ಬರೆಯಲು ಕೈ — ಬರಲಿಲ್ಲ. ನಿಮ್ಮ ಅಕ್ಕ ಕನ್ನಡದಲ್ಲಿ ಮಾತಾಡಿಸಿದರೂ ಮಲಯಾಳದಲ್ಲೇ ಉತ್ತರ ಕೊಟ್ಟವಳು ನಾನು. "ನಿನ್ನ ಮದರ್ ಟಂಗ್ ಅಂದ್ರೆ ಮದರ್ ಸುಪೀರಿಯರ್ ಟಂಗೇನೇ, ಪದ್ದು?" ಎಂದು ನೀವು ಛೇಡಿಸುತ್ತಿದ್ದುದು ಸುಮ್ಮನಲ್ಲ.

ಥೆರಪಿಸ್ಟ್ ಹುಡುಗಿ ತೆಂಕಣ ಕೇರಳದವಳು, ಕನ್ನಡ ಕೇಳಿಯೇ ಗೊತ್ತಿಲ್ಲ. ಬಾಚಣಿಗೆಯ ಚಿತ್ರವಿದ್ದ ಕಾರ್ಡು ಹಿಡಿದಳು. ನಿಮ್ಮ ತುಟಿ ಒದ್ದಾಡಿತು.

"ಬಾ... ಚಣಿ... ಗೆ."

ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಮಾತ್ರ "ಚೀಪ್ಪ್, ಅಂಕಲ್, ಚೀಪ್ಪ್" ಎಂದು ಮಲಯಾಳದಲ್ಲಿ ತಿದ್ದಿ, ತಪ್ಪಿನ ಗುರುತು ಹಾಕಿದಳು. ಬೆಕ್ಕಿನ ಚಿತ್ರಕ್ಕೆ ಬೆಕ್ಕು ಎಂದಿರಿ — ಅದಕ್ಕೂ ತಪ್ಪು. ಆಗ ನನ್ನತ್ತ ತಿರುಗಿದಿರಿ.

"ಪದ್ದೂ... ನೀ ಹೇಳೇ."

"ಆಂಟೀ, ಅಂಕಲ್ ಏನೋ ಹೇಳಿದರಲ್ಲ?" ಹುಡುಗಿ ಕೇಳಿದಳು.

"ನಥಿಂಗ್, ಡಿಯರ್. ಜಸ್ಟ್ ಸೌಂಡ್ಸ್."

ನಾನೇ ಅಂದೆ. ಫಾರ್ಮಿನಲ್ಲಿ ಬರೆದದ್ದು ಸುಳ್ಳೆಂದು ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ — ಅಷ್ಟೇ. ಅಷ್ಟಕ್ಕಾಗಿ.

ಮರುದಿನ ಡಾಕ್ಟರ್ ಸ್ಕ್ಯಾನಿನ ಚಿತ್ರ ತೋರಿಸಿದರು. ಕಿವಿಯ ಮೇಲಿಂದ ಬಾಗಿ ಹೋಗುವ ಎಳೆಗಳ ಕಟ್ಟು — ಅರ್ಧ ಕಡಿದಿತ್ತು, ಅರ್ಧ ಹಾಗೇ ಇತ್ತು. "ಇಷ್ಟು ದಾರಿ ಉಳಿದಿದೆ. ಒಂದು ಪದವಾದರೂ ಬರಬೇಕಿತ್ತಲ್ಲ, ಮೇಡಂ?" ಎಂದರು. ಆಗಲಾದರೂ ನಿಜ ಹೇಳಬಹುದಿತ್ತು —

ಆಮೇಲೆ ಎಂಟು ತಿಂಗಳು ಮಲಯಾಳದಲ್ಲೇ ಥೆರಪಿ. ಆ ದಿನದ ನಂತರ ನೀವು ನನ್ನನ್ನು ಪದ್ದು ಎಂದು ಕರೆದಿಲ್ಲ. ಬರುವ ಮಂಗಳವಾರ ಮತ್ತೆ ಸ್ಕ್ಯಾನ್ ಇದೆ. ಆ ಹುಡುಗಿಗೆ, ಡಾಕ್ಟರಿಗೆ, ನಿಮ್ಮ ಎದುರಿಗೇ ಎಲ್ಲ ಹೇಳುತ್ತೇನೆ. ಆದರೆ ಅಷ್ಟರಲ್ಲಿ ಆ ಉಳಿದ ಅರ್ಧವೂ ಕಡಿದುಹೋಗಿದ್ದರೆ?

ಇಂದು ಬೆಳಿಗ್ಗೆ ನಿಮ್ಮ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸಿ, ಬಾಚಣಿಗೆಯನ್ನು ನಿಮ್ಮ ಮುಂದೆ ಹಿಡಿದೆ. "ಇದೇನ್ರೀ?" ಎಂದು ಕನ್ನಡದಲ್ಲಿ ಕೇಳಿದೆ. ತುಂಬ ಹೊತ್ತು ಅದನ್ನೇ ನೋಡಿದಿರಿ.

"ಚೀಪ್ಪ್," ಎಂದಿರಿ.

ಸರಿಯೇ ಎಂದು ನನ್ನ ಮುಖ ನೋಡಿದಿರಿ.