ಮುರಿದ ತುಂಡುಗಳ ಶನಿವಾರ

ಅವರ ಎಡಹುಬ್ಬು ಅರ್ಧವೇ ಇತ್ತು. ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಲುಮೆಯ ಬಾಗಿಲಿಗೆ ತೀರ ಹತ್ತಿರ ಬಗ್ಗಿದ್ದರಂತೆ. ಸುಟ್ಟ ಅರ್ಧ ಮತ್ತೆ ಬೆಳೆಯಲೇ ಇಲ್ಲ. ನಮ್ಮ ಲೋಹಶಾಸ್ತ್ರಜ್ಞರ ಸಂಘದ ಮಂಗಳೂರು ಶಾಖೆಗೆ ಅವರು ಕಾರ್ಯದರ್ಶಿ. ಅಧ್ಯಕ್ಷರು ಬಂದರು, ಹೋದರು. ಪಂಪ್‌ವೆಲ್‌ನ ಬಾಡಿಗೆ ಕೋಣೆಯ ಬೀಗದಕೈ ಮಾತ್ರ ಇವರ ಜೇಬಿನಲ್ಲೇ ಉಳಿಯಿತು.

ಬೇರೆ ಊರಿನ ಶಾಖೆಗಳಲ್ಲಿ ಭಾಷಣ, ಸನ್ಮಾನ, ಬಫೆ. ಇವರ ಶನಿವಾರದ ಸಭೆಗೆ ಸದಸ್ಯರು ಮುರಿದದ್ದನ್ನು ಬಟ್ಟೆಯಲ್ಲಿ ಸುತ್ತಿ ತರಬೇಕಿತ್ತು: ಬೋಲ್ಟು, ಗಿಯರು, ಮೀನುಗಾರಿಕೆ ಬೋಟಿನ ಶಾಫ್ಟು. ಅದು ಕೈಯಿಂದ ಕೈಗೆ ದಾಟುತ್ತಿತ್ತು. ಮುರಿದ ಮೇಲ್ಮೈಗೆ ಬೆರಳು ತಾಗಿದರೆ ಬಿರುಕಿನ ಗುರುತು ಅಳಿಸಿಹೋಗುತ್ತದೆಂದು ದೊಡ್ಡ ದೊಡ್ಡ ಮ್ಯಾನೇಜರುಗಳಿಗೂ ಅವರ ಬೈಗುಳ ತಪ್ಪುತ್ತಿರಲಿಲ್ಲ.

ನಾನಿದ್ದ ಕಾರ್ಖಾನೆಯ ಪಂಪ್ ಶಾಫ್ಟುಗಳು ಒಂದರ ಹಿಂದೊಂದು ಮುರಿಯತೊಡಗಿದಾಗ, ಉಕ್ಕಿನ ಹದ ನೋಡುವವಳು ನಾನಾದ್ದರಿಂದ ಮಾಲೀಕರು ನನ್ನನ್ನೇ ದೂರಿದರು. ಕೆಲಸ ಹೋದಂತೆಯೇ ಎಂದುಕೊಂಡು ಒಂದು ತುಂಡನ್ನು ಸಭೆಗೆ ಒಯ್ದೆ. ತಪ್ಪು ನನ್ನದೇ ಇರಬೇಕು ಎಂದು ಶುರುಮಾಡಿದೆ.

"ಎಂತ ಮಾರಾಯ್ತಿ, ಇದು ಕೋರ್ಟಾ? ಯಾರದ್ದು ತಪ್ಪು ಅಂತ ಇಲ್ಲಿ ಕೇಳ್ಲಿಕ್ಕೆ ಇಲ್ಲ. ಹೇಗೆ ಮುರಿಯಿತು, ಅಷ್ಟು ಹೇಳು," ಎಂದರು.

ತುಂಡು ಮೇಜು ಸುತ್ತಿತು. ಚೂಪಾಗಿ ಕೊರೆದ ಮೂಲೆಯಲ್ಲೇ ಬಿರುಕು ಹುಟ್ಟಿದೆಯೆಂದು ಎಲ್ಲರೂ ಒಪ್ಪುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಸೋಮವಾರ ಅವರೇ ಬಂದು ಮಾಲೀಕರೆದುರು ಕೂತು, ದೋಷ ಉಕ್ಕಿನದಲ್ಲ, ಕೊರೆತದ್ದು ಎಂದು ವಿವರಿಸಿದರು. ಅವರಿಲ್ಲದಿದ್ದರೆ ನಾನಿಂದು ಈ ವೃತ್ತಿಯಲ್ಲೇ ಇರುತ್ತಿರಲಿಲ್ಲ.

ಆಮೇಲೆ ಪಂಪ್‌ವೆಲ್‌ನ ಟ್ರಾಫಿಕ್ಕಿಗೆ ಬೇಸತ್ತು ಸಮಿತಿ ಸಭೆಯನ್ನು ಆನ್‌ಲೈನ್ ಮಾಡಿತು. "ತುಂಡು ಹೇಗೆ ದಾಟಿಸುವುದು ಮಾರಾಯ್ರೆ?" ಎಂದು ಅವರೊಬ್ಬರೇ ಕೇಳಿದರು. ಎಲ್ಲರೂ ನಕ್ಕರು. ಮೊದಲ ಸಭೆಯಲ್ಲೇ ಅವರು ಬೋಲ್ಟೊಂದನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು, "ಕಾಣ್ತದಾ? ಯಾರಿಗಾದ್ರೂ ಕಾಣ್ತದಾ?" ಎಂದು ಕೇಳುತ್ತಲೇ ಇದ್ದರು. "ಕಾಣ್ತದೆ ಸರ್," ಎಂದರು ಯಾರೋ. ಪರದೆಯ ತುಂಬ ಬರೀ ಕಪ್ಪು ಮಬ್ಬು.

ಅವರು ಕೋಣೆ ಬಿಡಲಿಲ್ಲ. ಶನಿವಾರ ಬಾಗಿಲು ತೆರೆದು, ಫ್ಯಾನ್ ಹಾಕಿ, ಒಬ್ಬರೇ ಕೂತಿರುತ್ತಾರೆಂದು ಕೆಳಗಿನ ಮೆಡಿಕಲ್‌ನವರು ಹೇಳುತ್ತಿದ್ದರು. ಒಮ್ಮೆ ತೊಕ್ಕೊಟ್ಟಿನ ಮಾರ್ಕೆಟ್ಟಿನಲ್ಲಿ ಸಿಕ್ಕಿ, "ಈ ಶನಿವಾರ ಬಾ. ಒಳ್ಳೆ ಗಿಯರ್ ಒಂದು ಉಂಟು," ಎಂದರು. ಖಂಡಿತ ಹೋಗಬೇಕೆಂದುಕೊಂಡೆ. ಗುರುವಾರ ಅವರಿಗೆ ಎದೆನೋವು ಬಂತು; ಶನಿವಾರಕ್ಕೆ ಅವರೇ ಇರಲಿಲ್ಲ.

ಶ್ರದ್ಧಾಂಜಲಿ ಸಭೆಯೂ ಆನ್‌ಲೈನಿನಲ್ಲೇ ನಡೆಯಿತು. ದುಬೈ, ಕತಾರಿನಿಂದಲೂ ಸದಸ್ಯರು ಸೇರಿದರು. ಮುಖಗಳು ಒಂದೇ ಪರದೆಯಲ್ಲಿ ಹಿಡಿಯದಷ್ಟಿದ್ದವು. ನಮ್ಮಲ್ಲಿ ನಾಲ್ಕು ಜನ ಒಂದೇ ಒಂದು ಶನಿವಾರ ಆ ಮೆಟ್ಟಿಲು ಹತ್ತಿದ್ದರೆ ಅವರಿಗೆ ಸಾಕಿತ್ತು.